ಪುಸ್ತಕದಲ್ಲಿ ಇಲ್ಲದ ಮೂರನೆಯ ಪುಟ

“ಹತ್ತನೇ ಕ್ಲಾಸಿಗೆ ಪಾಠ ಹೇಳಬಹುದಂತ್ರಿ, ಒಂದನೇ ಕ್ಲಾಸಿಗೆ ಹೇಳಬಾರದಂತ. ಬಿ.ಇಡಿ. ಮಾಡಿದ್ದೇ ತಪ್ಪಾತೇನು ಮಾಸ್ತರ್ರೇ?”

ತೆಲಂಗಾಣದ ಮಾಗನೂರು ಮಂಡಲದ ಒಂದು ಸರಕಾರಿ ಶಾಲೆ. ಸಂಜೆಯ ಗಂಟೆ ಹೊಡೆದು ಮಕ್ಕಳು ಮನೆ ದಾರಿ ಹಿಡಿದಿದ್ದರು. ಜಗಲಿಯ ಮೇಲೆ ಕೂತ ಇಬ್ಬರಲ್ಲಿ ಒಬ್ಬರು ಗಡಿಯ ಕನ್ನಡ ಶಾಲೆಗಳಲ್ಲೇ ತಲೆ ನರೆಸಿಕೊಂಡ ನಿವೃತ್ತ ಮಾಸ್ತರರು. ಇನ್ನೊಬ್ಬಳು 2018ರಲ್ಲಿ ‘ವಿದ್ಯಾ ವಾಲಂಟೀರ್’ ಆಗಿ ಶಾಲೆ ಹೊಕ್ಕವಳು, ಊರವರ ಬಾಯಲ್ಲಿ ‘ವಿ.ವಿ. ಟೀಚರ್’. 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದವು. ವಾಲಂಟೀರುಗಳ ನವೀಕರಣವೂ ನಿಂತಿತು, ಅದರ ಜೊತೆ ತಿಂಗಳ 12,000 ರೂಪಾಯಿ ಗೌರವಧನವೂ. ಶಾಲೆ ಮತ್ತೆ ತೆರೆದಾಗ ಹೆತ್ತವರು ಚಂದಾ ಕೂಡಿಸಿ ಆಕೆಯನ್ನು ವಾಪಸು ಕರೆತಂದರು. ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿಲ್ಲ. ತರಗತಿಯಲ್ಲಿ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಆಕೆಯದೇ ದನಿ.

“ತಪ್ಪು ನಿಂದಲ್ಲ ತಂಗಿ,” ಎಂದರು ಮಾಸ್ತರರು. “2010ರ ಆಗಸ್ಟ್ 23ಕ್ಕ ಎನ್‌ಸಿಟಿಇಯವರು ಅರ್ಹತಾ ಗೊತ್ತು ಮಾಡಿದ್ರು. ಒಂದರಿಂದ ಐದನೇ ಕ್ಲಾಸಿಗೆ ಡಿ.ಎಲ್.ಇಡಿ., ಅದರ ಮ್ಯಾಲ ಟೆಟ್ ಪರೀಕ್ಷೆ. 2018ರ ಜೂನಿನಾಗ ಅವರೇ, ಬಿ.ಇಡಿ. ಆದವರೂ ಬರಬಹುದು, ಕೆಲಸಕ್ಕ ಸೇರಿ ಎರಡು ವರ್ಷದಾಗ ಆರು ತಿಂಗಳ ಬ್ರಿಡ್ಜ್ ಕೋರ್ಸ್ ಮಾಡಿಕೊಂಡ್ರ ಸಾಕು ಅಂದ್ರು. ಅದನ್ನ ನಂಬಿ ನೀನು ಬಿ.ಇಡಿ.ಗೆ ಹೋದಿ. 2023ರ ಆಗಸ್ಟ್ 11ಕ್ಕ ಸುಪ್ರೀಂ ಕೋರ್ಟ್ ಅದನ್ನ ತೆಗೆದು ಹಾಕ್ತು. ಸಣ್ಣ ಮಕ್ಕಳಿಗೆ ಕಲಿಸೋ ವಿದ್ಯಾನೇ ಬ್ಯಾರೆ, ಅದು ಬಿ.ಇಡಿ.ಯಾಗ ಇಲ್ಲ ಅಂತು. ಕೋರ್ಟ್ ಹೇಳಿದ್ದು ಸುಳ್ಳೇನು?”

ಆಕೆ ಸ್ವಲ್ಪ ಯೋಚಿಸಿದಳು. “ಸುಳ್ಳಲ್ರಿ. ಅಕ್ಷರ ತಿದ್ದಿಸೋದು ಹೆಂಗ ಅಂತ ಬಿ.ಇಡಿ.ಯಾಗ ಯಾರೂ ಹೇಳಿಕೊಡಲಿಲ್ಲ. ಆದ್ರ ಅದನ್ನ ನಾನು ಇಲ್ಲಿ ಕಲ್ತೀನಲ್ಲ, ಈ ಹುಡುಗರ ಕೂಡ? ಅದಕ್ಕ ಯಾವ ಸರ್ಟಿಫಿಕೇಟು ಕೊಡ್ತಾರ?”

ಈ ಪ್ರಶ್ನೆಗೆ ಸರಕಾರಿ ಕಡತಗಳಲ್ಲಿ ಉತ್ತರ ಸಿಗುವುದಿಲ್ಲ, ಈ ನೆಲದಲ್ಲಿ ಸ್ವಲ್ಪ ಸಿಗುತ್ತದೆ. ಭೀಮೆಯನ್ನು ಕೂಡಿಕೊಂಡು ಕೃಷ್ಣೆ ತೆಲಂಗಾಣ ಹೊಗುವ ಸೆರಗು ಇದು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ ರಾಯಚೂರು ಜಿಲ್ಲೆ ಮೈಸೂರಿಗೆ ಬಂತು. ಅದೇ ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರದ ಪಾಲಾದವು. ಗುಲಬರ್ಗಾ ಜಿಲ್ಲೆಯಿಂದ ಕೊಡಂಗಲ್ ಮತ್ತು ತಾಂಡೂರುಗಳೂ ಆಚೆ ಹೋದವು. ಮಕ್ತಲ, ನಾರಾಯಣಪೇಟೆ, ಮಾಗನೂರು ಕಡೆಯವರು ಮಹಬೂಬ್‌ನಗರ ಜಿಲ್ಲೆಯಲ್ಲೇ ಉಳಿದರು. 2016ರಲ್ಲಿ ಕೃಷ್ಣಾ ಮಂಡಲ ಬೇರೆಯಾಯಿತು, 2019ರ ಫೆಬ್ರವರಿ 17ರಂದು ನಾರಾಯಣಪೇಟೆಯೇ ಜಿಲ್ಲೆಯಾಯಿತು. ಕಚೇರಿಗಳು ಹೀಗೆ ಊರು ಬದಲಿಸುತ್ತ ಹೋದರೂ ಮನೆಯೊಳಗಿನ ಮಾತು ಹಳೆಯದೇ ಉಳಿಯಿತು. ಗದ್ವಾಲ ಸೀಮೆಯ ಉತ್ತನೂರಿನಲ್ಲಿ ಗೋಪಾಲದಾಸರು ಕನ್ನಡದಲ್ಲಿ ಪದ ಕಟ್ಟಿದ್ದನ್ನು ನೆನೆದರೆ, ಇಲ್ಲಿ ಕನ್ನಡ ನಿನ್ನೆ ಮೊನ್ನೆ ಬಂದ ನೆಂಟನಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

“ನಿನ್ನ ಕ್ಲಾಸಿನ ಕತಿ ಹೇಳು. ಸರ್ಟಿಫಿಕೇಟಿನ ಮಾತು ಆಮ್ಯಾಲ ಆಡೋಣ,” ಎಂದರು ಮಾಸ್ತರರು.

“2022-23ರಿಂದ ಒಂದರಿಂದ ಎಂಟನೇ ಕ್ಲಾಸಿನ ತನಕ ಇಂಗ್ಲಿಷ್ ಮೀಡಿಯಂ ಅಂದ್ರಲ್ರಿ, ಆಗ ಹೊಸ ಪುಸ್ತಕ ಬಂದುವು. ಒಂದು ಪುಟ ಇಂಗ್ಲಿಷು, ಎದುರು ಪುಟ ತೆಲುಗು. ತೆಲುಗು ಮನಿ ಹುಡುಗ ಇಂಗ್ಲಿಷ್ ತಿಳೀದಿದ್ರ ಆ ಕಡೆ ನೋಡ್ತಾನ. ನಮ್ಮ ಹುಡುಗ ಈ ಕಡೆ ನೋಡಿದ್ರೂ ಅಷ್ಟೇ, ಆ ಕಡೆ ನೋಡಿದ್ರೂ ಅಷ್ಟೇ.”

“ಮೂರನೇ ಪುಟ ನೀನು.”

“ಹೌದ್ರಿ. ಅಚ್ಚಾಗದ ಪುಟ.”

ಆಕೆ ಹೇಳಿದ್ದರಲ್ಲಿ ಎರಡು ಸಂಗತಿಗಳನ್ನು ಇಲ್ಲಿ ಬಿಡಿಸಿ ಹೇಳಬೇಕು. ಮೊದಲನೆಯದು ಲೆಕ್ಕದ ಪಾಠ. ಮೂರನೇ ತರಗತಿಯ ಹುಡುಗಿಯೊಬ್ಬಳು ಕೂಡುವ ಕಳೆಯುವ ಲೆಕ್ಕವನ್ನು ಬಾಯಲ್ಲೇ ಮಾಡುತ್ತಾಳೆ, ಸಂತೆಯ ಚಿಲ್ಲರೆ ಆಕೆಗೆ ತಪ್ಪುವುದಿಲ್ಲ. ಪರೀಕ್ಷೆಯಲ್ಲಿ ಅದೇ ಲೆಕ್ಕವನ್ನು ನಾಲ್ಕು ಸಾಲಿನ ಇಂಗ್ಲಿಷ್ ಸಮಸ್ಯೆಯಾಗಿ ಕೊಟ್ಟರೆ ಹಾಳೆ ಖಾಲಿ. ಅಂಕಪಟ್ಟಿ ನೋಡಿದವರು ಹುಡುಗಿ ಗಣಿತದಲ್ಲಿ ಹಿಂದೆ ಎಂದು ಬರೆಯುತ್ತಾರೆ. ವಾಲಂಟೀರು ಸಮಸ್ಯೆಯನ್ನು ಕನ್ನಡದಲ್ಲಿ ಓದಿ, ಅದೇ ಸಾಲುಗಳನ್ನು ಇಂಗ್ಲಿಷಿನಲ್ಲಿ ಮತ್ತೆ ಓದಿಸಿ, ಯಾವ ಮಾತು ಕೂಡಿಸು ಅನ್ನುತ್ತದೆ, ಯಾವುದು ಕಳೆ ಅನ್ನುತ್ತದೆ ಎಂದು ಬೆರಳಿಟ್ಟು ತೋರಿಸುತ್ತಾಳೆ. ಮಗುವಿಗೆ ಬಾರದ್ದು ಗಣಿತವೋ ಇಂಗ್ಲಿಷೋ ಎಂದು ಬೇರ್ಪಡಿಸಿ ನೋಡಲು ಎರಡೂ ಭಾಷೆ ಗೊತ್ತಿರುವವರೇ ಬೇಕು. ಇಂಗ್ಲಿಷ್ ಕಲಿಯುವ ಮಕ್ಕಳ ಶಿಕ್ಷಕರಿಗೆ ಬೇಕಾದ ಕಸುಬುಗಳಲ್ಲಿ ಇದೇ ಮೊದಲನೆಯದು ಎಂದರೂ ನಡೆದೀತು.

ಎರಡನೆಯದು ಲಿಪಿ. ತೆಲಂಗಾಣದ 2018ರ ಕಾಯ್ದೆಯ ಪ್ರಕಾರ ಎಲ್ಲ ಶಾಲೆಗಳಲ್ಲೂ ತೆಲುಗು ಕಡ್ಡಾಯ. ಹೀಗಾಗಿ ಈ ಮಕ್ಕಳು ಎಳವೆಯಲ್ಲೇ ಮೂರು ಲಿಪಿ ತಿದ್ದುತ್ತಾರೆ. ಕನ್ನಡ ಮತ್ತು ತೆಲುಗು ಅಕ್ಷರಗಳು ಒಡಹುಟ್ಟಿದವು, ತಲೆಕಟ್ಟು ಮಾತ್ರ ಬೇರೆ. ಕನ್ನಡದ್ದು ಅಡ್ಡಗೆರೆ, ತೆಲುಗಿನದು ಮೇಲಕ್ಕೆ ಚಿಮ್ಮಿದ ಗೆರೆ. ಮಗು ಕನ್ನಡದ ಅಕ್ಷರಕ್ಕೆ ತೆಲುಗಿನ ತಲೆಕಟ್ಟು ತೊಡಿಸಿದರೆ ಹೊರಗಿನಿಂದ ಬಂದ ಟೀಚರಿಗೆ ಅದು ಬರೀ ತಪ್ಪು. ಆ ತಪ್ಪು ಎಲ್ಲಿಂದ ಬಂತೆಂದು ವಾಲಂಟೀರಿಗೆ ಗೊತ್ತು, ಯಾಕೆಂದರೆ ಚಿಕ್ಕಂದಿನಲ್ಲಿ ಆಕೆಯೂ ಅದನ್ನೇ ಮಾಡಿದ್ದಳು.

ಮಾತು ಇಲ್ಲಿಗೆ ಬಂದಾಗ ಮೂರನೆಯವರೊಬ್ಬರು ಬಂದು ಜಗಲಿಯ ತುದಿಗೆ ಕೂತರು. ಹತ್ತಿ ಬೆಳೆಯುವ ರೈತ, ಎರಡನೇ ತರಗತಿಯ ಹುಡುಗಿಯ ಅಪ್ಪ. ಚಂದಾ ಎತ್ತುವವರಲ್ಲಿ ಮುಂದಾಳು.

“ನನಗ ಈ ಕನ್ನಡ ತೆಲುಗು ಜಗಳ ಬ್ಯಾಡ್ರಿ,” ಎಂದರು ಅವರು ಕೂತ ಕೂಡಲೇ. “ಹುಡುಗಿಗೆ ಇಂಗ್ಲಿಷ್ ಬರ್ಲಿ, ಅಷ್ಟೇ. ಹೈದರಾಬಾದಿಗೆ ಹೋದ್ರ ಕನ್ನಡ ಯಾರು ಕೇಳ್ತಾರ?”

“ಮತ್ತ ಕಾನ್ವೆಂಟ್ ಯಾಕ ಬಿಡಿಸಿದ್ರಿ?”

“ಅಲ್ಲಿ ವರ್ಷ ಪೂರ್ತಿ ಬಾಯಿನೇ ಬಿಡಲಿಲ್ಲ ಸರ್ ಅದು. ನೋಟ್ಸ್ ಎಲ್ಲಾ ಪೂರಾ ಇರ್ತಿತ್ತು, ಬೋರ್ಡ್ ನೋಡಿ ಬರಕೊಂಡದ್ದು. ಓದು ಅಂದ್ರ ಒಂದ್ ಸಾಲು ಬರ್ತಿರಲಿಲ್ಲ. ಇಲ್ಲಿಗೆ ಬಂದ ಮ್ಯಾಲ ಈ ಟೀಚರಮ್ಮಗ ಇಂಗ್ಲಿಷಿನಾಗ ಏನೋ ಕೇಳ್ತದ, ತಪ್ಪೋ ಒಪ್ಪೋ.”

“ನೀವು ಕೇಳಿದ್ದು ಇಂಗ್ಲಿಷು, ಅದು ಬಂದದ್ದು ಕನ್ನಡ ಬಲ್ಲವರ ಕಡೆಯಿಂದ,” ಎಂದರು ಮಾಸ್ತರರು. ರೈತ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. “ಹಂಗಾದ್ರ ಈಕಿನ್ನ ಪರ್ಮನೆಂಟ್ ಮಾಡಿಸ್ರಿ,” ಎಂದರು.

ಪರ್ಮನೆಂಟ್ ಎನ್ನುವ ಈ ಪದ ಗಡಿಯ ಎರಡೂ ಬದಿಯಲ್ಲಿ ಒಂದೇ ಬಗೆಯ ಆಸೆ ಹುಟ್ಟಿಸುತ್ತದೆ. ಮಾಸ್ತರರು ಆ ಆಸೆಗೆ ನೀರೆರೆಯಲು ಹೋಗಲಿಲ್ಲ.

“ಉತ್ತರ ಪ್ರದೇಶದಾಗ ಶಿಕ್ಷಾಮಿತ್ರರು ಅಂತ ಇದ್ರು. ನಿನ್ನಂಗ ಊರಿನವರೇ, ಕಡಿಮಿ ಪಗಾರಕ್ಕ ದುಡಿದವರು. ಅಲ್ಲಿನ ಸರಕಾರ ಟೆಟ್ ಇಲ್ಲದೇನೇ ಅವರನ್ನ ಶಿಕ್ಷಕರ ಹುದ್ದಿಗೆ ತಗೊಂತು, ಸುಮಾರು 1.37 ಲಕ್ಷ ಮಂದಿನ್ನ. 2015ರ ಸೆಪ್ಟೆಂಬರಿನಾಗ ಅಲಹಾಬಾದ್ ಹೈಕೋರ್ಟ್ ಅದನ್ನ ರದ್ದು ಮಾಡ್ತು. 2017ರ ಜುಲೈ 25ಕ್ಕ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡೀತು. ಕೈಗೆ ಬಂದ ಪಗಾರ ಹೋತು, ಮನಿ ಕಟ್ಟಲಿಕ್ಕ ಸಾಲ ಮಾಡಿದವರು ಬೀದಿಗೆ ಬಂದ್ರು. ಅಡ್ಡದಾರಿ ಹಿಡಿದ್ರ ಹಿಂಗ.”

“ನಮ್ಮ ಆಂಧ್ರದಾಗ 398 ರೂಪಾಯಿ ಮಾಸ್ತರು ಇರ್ಲಿಲ್ಲೇನ್ರಿ? ಅವರೆಲ್ಲಾ ಪರ್ಮನೆಂಟ್ ಆದ್ರು ಅಂತ ನಮ್ಮಪ್ಪ ಹೇಳ್ತಿದ್ದ.”

“ಆದ್ರು. 1980-90ರ ದಶಕದ ಮಾತು ಅದು. ಸ್ಪೆಷಲ್ ಟೀಚರ್ ಅಂತ ಹೆಸರು, ತಿಂಗಳಿಗೆ 398 ರೂಪಾಯಿ. ಕೆಲಕಾಲ ಹಂಗ ದುಡಿದ ಮ್ಯಾಲ ವೇತನಶ್ರೇಣಿಗೆ ತಗೊಂಡ್ರು. ಆಗ ಟೆಟ್ ಇರಲಿಲ್ಲ ತಂಗಿ, ಆರ್‌ಟಿಇ ಕಾಯ್ದೆನೂ ಇರಲಿಲ್ಲ. ಆದ್ರ ಆ ಪದ್ಧತಿಯಾಗ ಒಂದು ಮಾತಿತ್ತು: ಇಷ್ಟು ದಿನ ದುಡಿದ್ರ ಮುಂದ ಇಂಥಾ ಜಾಗ ಅದ ಅಂತ. ನಿನಗ ಆ ಮಾತು ಯಾರೂ ಕೊಟ್ಟಿಲ್ಲ.”

ಟೆಟ್ ತೆಗೆದುಹಾಕಿ ಎಂದು ಮಾಸ್ತರರು ಕೇಳುತ್ತಿರಲಿಲ್ಲ. ಪರೀಕ್ಷೆ ಇರಲಿ, ಅಲ್ಲಿಯವರೆಗಿನ ದಾರಿಯನ್ನು ಸರಕಾರ ಹಾಕಿಕೊಡಲಿ ಎಂಬುದು ಅವರ ವಾದ. ಅದು ಆಗುವ ಕೆಲಸವೇ ಎಂದು ಕೇಳುವವರಿಗೆ ಹತ್ತಿರದ್ದೇ ಒಂದು ಉದಾಹರಣೆ ಇದೆ. 2017ರಲ್ಲಿ ಆರ್‌ಟಿಇ ಕಾಯ್ದೆಗೆ ತಿದ್ದುಪಡಿ ತಂದು, ತರಬೇತಿ ಇಲ್ಲದೆ ಪಾಠ ಮಾಡುತ್ತಿದ್ದವರೆಲ್ಲ 2019ರ ಮಾರ್ಚ್ 31ರೊಳಗೆ ಅರ್ಹತೆ ಪಡೆಯಬೇಕೆಂದರು. ಮುಕ್ತ ಶಾಲಾ ಸಂಸ್ಥೆ ಎನ್‌ಐಒಎಸ್ ಅವರಿಗಾಗಿ ಡಿ.ಎಲ್.ಇಡಿ. ನಡೆಸಿತು. ಪಾಠಗಳು ಸ್ವಯಂ ಜಾಲತಾಣ ಮತ್ತು ಟಿವಿ ವಾಹಿನಿಯಲ್ಲಿ, ಮುಖಾಮುಖಿ ತರಗತಿಗಳು ಹತ್ತಿರದ ಕೇಂದ್ರದಲ್ಲಿ. ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಕೆಲಸ ಬಿಡದೆ, ಪಗಾರ ಕಳೆದುಕೊಳ್ಳದೆ ಓದಿದರು. ಆಮೇಲೆ ಅದರ ಮೇಲೂ ವ್ಯಾಜ್ಯ ಬಿತ್ತು. 18 ತಿಂಗಳ ಆ ಕೋರ್ಸು ಎರಡು ವರ್ಷದ ಡಿ.ಎಲ್.ಇಡಿ.ಗೆ ಸಮವಲ್ಲ ಎಂದು 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2017ರ ಆಗಸ್ಟ್ 10ರಂದು ಕೆಲಸದಲ್ಲಿದ್ದು ಗಡುವಿನೊಳಗೆ ಮುಗಿಸಿದವರ ಮಟ್ಟಿಗೆ ಅದು ಊರ್ಜಿತ ಎಂದು 2024ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು. ಅವಸರದಲ್ಲಿ ಮಾಡಿದ ಕೆಲಸದ ಹೊಲಿಗೆ ಎಲ್ಲೆಲ್ಲಿ ಬಿಚ್ಚುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ. ದುಡಿಯುತ್ತಲೇ ಓದಿಸುವುದು ಸರಕಾರಕ್ಕೆ ಆಗದ ಮಾತಲ್ಲ ಎಂಬುದೂ ಗೊತ್ತಾಗುತ್ತದೆ.

“ನಾನು ಕೆಲಸಕ್ಕ ಸೇರಿದ್ದು 2018ರಾಗ,” ಎಂದಳು ಆಕೆ. “ಆ ತಾರೀಕಿಗೆ ಆಗಲೇ ತಡ ಆಗಿತ್ತು. ಈಗ ಎರಡು ವರ್ಷದ ಡಿ.ಎಲ್.ಇಡಿ. ಅಂದ್ರ ದಿನಾ ಕಾಲೇಜಿಗೆ ಹೋಗಬೇಕು. ಅದರ ಪ್ರವೇಶ ಪರೀಕ್ಷೆ ಡೀಸೆಟ್, ಪೇಪರು ತೆಲುಗು, ಇಂಗ್ಲಿಷು, ಉರ್ದುವಿನಾಗ ಬರ್ತದ. ಕನ್ನಡದಾಗ ಇಲ್ಲ.”

“ಹೊಳಿ ದಾಟಿದ್ರ ರಾಯಚೂರಿನ ಯರಮರಸಿನ ಡಯಟ್ ಅದ, ಅಲ್ಲಿ ಡಿ.ಎಲ್.ಇಡಿ. ಕನ್ನಡದಾಗ.”

“ಹೊಳಿ ದಾಟಿ ಓದಿದ್ರ ನಾನ್‌ಲೋಕಲ್ ಆಗ್ತೀನಿ ಅಂತ ಎಲ್ಲಾರೂ ಹೆದರಸ್ತಾರ್ರಿ.”

ಈ ಭಯ ಅರ್ಧ ಸರಿ, ಅರ್ಧ ತಪ್ಪು. ತೆಲಂಗಾಣಕ್ಕೆ 2018ರಲ್ಲಿ ಬಂದ ರಾಷ್ಟ್ರಪತಿ ಆದೇಶದಂತೆ ಜಿಲ್ಲಾ ಹುದ್ದೆಗಳಲ್ಲಿ ಶೇ. 95 ಸ್ಥಳೀಯರಿಗೆ. ಸ್ಥಳೀಯರು ಯಾರೆಂದು ಒಂದರಿಂದ ಏಳನೇ ತರಗತಿಯವರೆಗೆ ಎಲ್ಲಿ ಹೆಚ್ಚು ವರ್ಷ ಓದಿದ್ದಾರೆ ಎಂಬುದರ ಮೇಲೆ ತೀರ್ಮಾನವಾಗುತ್ತದೆ. ಡಿ.ಎಲ್.ಇಡಿ. ಎಲ್ಲಿ ಮಾಡಿದರು ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಆಕೆ ಐದನೆಯವರೆಗೆ ತನ್ನೂರಿನಲ್ಲೇ ಓದಿದ್ದರಿಂದ ಬಚಾವು. ಆದರೆ ಆಕೆಯ ತಮ್ಮನನ್ನು ಎರಡನೇ ತರಗತಿಗೇ ರಾಯಚೂರಿನ ಅಜ್ಜಿ ಮನೆಗೆ ಕಳಿಸಿದ್ದರು. ಇಲ್ಲಿ ಕನ್ನಡ ಟೀಚರು ಸರಿಯಾಗಿ ಇರಲಿಲ್ಲ ಎಂಬುದೇ ಕಾರಣ. ಈಗ ಅವನು ಹುಟ್ಟಿದ ಜಿಲ್ಲೆಯಲ್ಲಿ ನಾನ್‌ಲೋಕಲ್. ಕನ್ನಡ ಶಾಲೆಯಲ್ಲಿ ಶಿಕ್ಷಕರಿಲ್ಲವೆಂದು ಹೊರಗೆ ಓದಿದವನಿಗೆ, ಹೊರಗೆ ಓದಿದ ಕಾರಣಕ್ಕೇ ಅದೇ ಶಾಲೆಯ ಶಿಕ್ಷಕನಾಗುವ ಬಾಗಿಲು ಬಹುಪಾಲು ಮುಚ್ಚಿತು. ಇದನ್ನು ಬೇಕೆಂದು ಯಾರೂ ಮಾಡಲಿಲ್ಲ. ನಿಯಮ ಬರೆದವರ ಕಣ್ಣ ಮುಂದೆ ಈ ಊರು ಇರಲಿಲ್ಲ, ಅಷ್ಟೇ.

“ಶಿಕ್ಷಕರ ನೇಮಕದ ಡಿಎಸ್‌ಸಿ 2024ರಾಗ 11,062 ಹುದ್ದೆ ಕರೆದ್ರು. ಅದರಾಗ ಪ್ರಾಥಮಿಕ ಶಾಲೆಯ ಎಸ್‌ಜಿಟಿ 6,508. ನಮ್ಮ ಕನ್ನಡ ಮೀಡಿಯಮ್ಮಿಗೆ ಬರೋದು ಬೆರಳೆಣಿಕಿ. ಆ ಬೆರಳೆಣಿಕಿಗೆ ಮೀಸಲಾತಿ ರೋಸ್ಟರು ಬ್ಯಾರೆ,” ಎಂದಳು ಆಕೆ.

“ಉರ್ದುದವರ ಗೋಳೂ ಅದೇ,” ಎಂದರು ಮಾಸ್ತರರು. “ಉರ್ದು ಮೀಡಿಯಂ ಹುದ್ದಿ ಎಸ್ಸಿ ಎಸ್ಟಿಗೆ ಮೀಸಲು ಬಿದ್ರ, ಉರ್ದು ಓದಿದ ಎಸ್ಸಿ ಎಸ್ಟಿ ಅಭ್ಯರ್ಥಿ ಸಿಗೂದಿಲ್ಲ, ಹುದ್ದಿ ವರ್ಷಗಟ್ಟಲೆ ಖಾಲಿ. ನಮ್ಮಲ್ಲಿ ಕನ್ನಡ ಮನಿಯ ಎಸ್ಸಿ ಎಸ್ಟಿ ಹುಡುಗರು ಅದಾರ, ಬೇಕಾದಷ್ಟು ಅದಾರ. ಅವರನ್ನ ಡಿ.ಎಲ್.ಇಡಿ. ತನಕ ಮುಟ್ಟಿಸಿದವರು ಯಾರು? ಮೀಸಲಾತಿ ತೆಗೀರಿ ಅನ್ನೋದು ಸುಲಭ. ಆ ಹುಡುಗರಿಗೆ ಹತ್ತನೇ ಕ್ಲಾಸಿನಿಂದಲೇ ಕೈ ಹಿಡಿದು ಓದಿಸಿದ್ರ ಹುದ್ದಿ ಯಾಕ ಖಾಲಿ ಉಳೀತದ?”

ರೈತ ಇಷ್ಟು ಹೊತ್ತು ಸುಮ್ಮನಿದ್ದರು. “ಕನ್ನಡ ಟೀಚರು ಸಿಗದಿದ್ರ ತೆಲುಗಿನವರನ್ನ ಹಾಕ್ತಾರ, ಅಷ್ಟೇ ಅಲ್ಲ?” ಎಂದು ಕೇಳಿದರು.

ಹಾಕಿದರೆ ಏನಾಗುತ್ತದೆಂದು ತಿಳಿಯಲು ಕಾಸರಗೋಡಿನ ಕಡೆ ನೋಡಬೇಕು. ಅಲ್ಲಿನ ಕನ್ನಡ ಮಾಧ್ಯಮದ ಹುದ್ದೆಗಳಿಗೆ ಕನ್ನಡ ಬಾರದ ಶಿಕ್ಷಕರು ಬಂದಾಗ ಮಕ್ಕಳು ಮತ್ತು ಹೆತ್ತವರು ಪ್ರತಿಭಟನೆಗೆ ಇಳಿದರು, ವಿಷಯ ಹೈಕೋರ್ಟಿನವರೆಗೂ ಹೋಯಿತು. ರಿಷಬ್ ಶೆಟ್ಟಿಯವರ 2018ರ ಸಿನಿಮಾ ಕಾಸರಗೋಡಿನ ಸರಕಾರಿ ಶಾಲೆಯ ಈ ಗೋಳನ್ನೇ ನಗೆಯಾಗಿಸಿ ತೋರಿಸಿದ್ದು ಕನ್ನಡಿಗರಿಗೆ ನೆನಪಿರಬೇಕು. ಕಾಸರಗೋಡಿನವರಿಗೆ ಕನ್ನಡದ ಪತ್ರಿಕೆಗಳಿವೆ, ಸಂಘಟನೆಗಳಿವೆ, ಕೂಗಿದರೆ ಮಂಗಳೂರಿಗೆ ಕೇಳುತ್ತದೆ. ಮಾಗನೂರಿನ ಕೂಗು ರಾಯಚೂರಿಗೂ ಅಪರೂಪಕ್ಕೆ ಮುಟ್ಟುತ್ತದೆ.

ಕಾನೂನಿನ ಬಲವೇ ಇಲ್ಲವೆಂದಲ್ಲ. ಒಂದು ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಪಾಠಕ್ಕೆ ವ್ಯವಸ್ಥೆ ಆಗಬೇಕೆಂದು 1949ರಲ್ಲೇ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿತ್ತು. ರಾಜ್ಯಗಳ ಪುನರ್ವಿಂಗಡಣೆಯ 1956ರಲ್ಲೇ ಸಂವಿಧಾನಕ್ಕೆ ಇದೇ ಆಶಯದ 350ಎ ವಿಧಿ ಸೇರಿತು. ಇಲ್ಲದಿರುವುದು ಕಲಿಸುವವರು.

“ನನ್ನ ಮಗಳು ಟೆಕ್ಸಾಸಿನಾಗ ಒಂದು ಸ್ಕೂಲಿನಾಗ ಏಡ್ ಅಂತ ಕೆಲಸ ಮಾಡ್ತಾಳ,” ಎಂದರು ಮಾಸ್ತರರು. “ಟೀಚರಿನ ಪಕ್ಕಕ್ಕ ಕೂತು ಇಂಗ್ಲಿಷ್ ಬಾರದ ಮಕ್ಕಳಿಗೆ ಹೇಳಿಕೊಡೋದು. ಅಲ್ಲಿ ಲೆಕ್ಕ ಹೆಂಗದ ಗೊತ್ತೇನು? ಒಂದು ಶಾಲಾ ಜಿಲ್ಲೆಯಾಗ, ಒಂದೇ ತರಗತಿಯಾಗ, ಒಂದೇ ಭಾಷೆಯ 20 ಮಕ್ಕಳು ಇದ್ರ ದ್ವಿಭಾಷಾ ಪಾಠ ಕೊಡಲೇಬೇಕು. ನಮ್ಮದು 10, ಅವರದು 20. ಸಂಖ್ಯೆ ನೋಡಿದ್ರ ನಾವೇ ಉದಾರಿಗಳು.”

“ಮತ್ತ ಟೀಚರ್ ಎಲ್ಲಿಂದ ತರ್ತಾರ್ರಿ?”

“ಅಲ್ಲೇ ಅದ ಬುದ್ಧಿವಂತಿಕಿ. ಏಡುಗಳನ್ನೇ ಟೀಚರ್ ಮಾಡ್ತಾರ.”

ಮಾಸ್ತರರ ಮಾತಿನಲ್ಲಿ ತುಸು ಅತಿಶಯವಿದೆ. ಅಮೆರಿಕದಲ್ಲೂ ದ್ವಿಭಾಷಾ ಶಿಕ್ಷಕರ ಕೊರತೆ ತೀರಿಲ್ಲ, ಏಡುಗಳ ಸಂಬಳ ಅಲ್ಲೂ ಕಡಿಮೆಯೇ. ಆದರೆ ದಾರಿ ಇರುವುದು ನಿಜ. 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಭಾಷಿಕ ಮಕ್ಕಳ ಪರವಾದ ಲಾವ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಎಲ್ಲರಿಗೂ ಒಂದೇ ಪುಸ್ತಕ ಒಂದೇ ಟೀಚರು ಕೊಟ್ಟ ಮಾತ್ರಕ್ಕೆ ಸಮಾನತೆ ಬರುವುದಿಲ್ಲ ಎಂದಿತು. ಇಂಗ್ಲಿಷ್ ತಿಳಿಯದ ಮಗುವಿಗಾಗಿ ಶಾಲೆ ಏನಾದರೂ ಮಾಡಲೇಬೇಕಾಯಿತು, ಅದಕ್ಕೆ ತಕ್ಕ ಶಿಕ್ಷಕರನ್ನು ಹುಡುಕಬೇಕಾಯಿತು. ಇಲಿನಾಯ್ ರಾಜ್ಯ 2004ರಲ್ಲಿ ಕಾನೂನು ಮಾಡಿ, ಊರಿನ ಹೆತ್ತವರು ಮತ್ತು ತರಗತಿ ಸಹಾಯಕರು ಶಿಕ್ಷಕರಾಗಲು ಓದಿನ ಸಾಲ ಕೊಟ್ಟಿತು. ಶಿಕ್ಷಕರು ಸಿಗದ ಶಾಲೆಯಲ್ಲಿ ಐದು ವರ್ಷ ಪಾಠ ಮಾಡಿದರೆ ಸಾಲ ಮನ್ನಾ. ಟೆನೆಸಿ ರಾಜ್ಯ 2022ರಲ್ಲಿ ಶಿಕ್ಷಕ ವೃತ್ತಿಯನ್ನೇ ಅಪ್ರೆಂಟಿಸ್ ಪಟ್ಟಿಗೆ ಸೇರಿಸಿತು. ಸಂಬಳ ತೆಗೆದುಕೊಳ್ಳುತ್ತಲೇ ಪದವಿ ಮತ್ತು ಲೈಸೆನ್ಸು ಪಡೆಯುವ ವ್ಯವಸ್ಥೆ ಅದು.

“ಅಪ್ರೆಂಟಿಸ್ ನಮ್ಮಲ್ಲೂ ಅದಾರಲ್ರಿ,” ಎಂದರು ರೈತ. “ನನ್ನ ಅಳಿಯ ಐಟಿಐ ಮುಗಿಸಿ ಶಕ್ತಿನಗರದ ಥರ್ಮಲ್‌ನಾಗ ಇದ್ದ. ತಿಂಗಳಾ ಸ್ಟೈಪೆಂಡ್ ಬರ್ತಿತ್ತು.”

“1961ರ ಕಾಯ್ದೆ ಅದು. ಫಿಟ್ಟರಿಗೆ ಅದ, ಎಲೆಕ್ಟ್ರಿಷನ್ನಿಗೆ ಅದ. ಮಕ್ಕಳಿಗೆ ಓದು ಕಲಿಸೋರಿಗೆ ಇಲ್ಲ,” ಎಂದರು ಮಾಸ್ತರರು.

ದೇಶದ ಒಳಗಿನ ಉದಾಹರಣೆಯನ್ನು ಅವರು ಮರೆತಿರಲಿಲ್ಲ. 2003-04ರ ಸುಮಾರಿಗೆ ಅವಿಭಜಿತ ಆಂಧ್ರ ಎಂಟು ಬುಡಕಟ್ಟು ಭಾಷೆಗಳಲ್ಲಿ ಪಾಠ ಶುರು ಮಾಡಿತು. ಗೋಂಡಿ, ಕೋಯ, ಕೋಲಾಮಿ, ಸವರ, ಬಂಜಾರ ಮುಂತಾದವು. ಮಗು ಮನೆಯ ಮಾತಿನಲ್ಲಿ ಓದು ಬರಹ ಕಲಿತು, ಮೆಲ್ಲಗೆ ತೆಲುಗಿಗೆ, ಆಮೇಲೆ ಇಂಗ್ಲಿಷಿಗೆ ಹೋಗುವ ಕ್ರಮ. ಅದಕ್ಕೆ ಬೇಕಾದವರು ಆ ಭಾಷೆ ಬಲ್ಲ ಸ್ಥಳೀಯ ಯುವಕ ಯುವತಿಯರೇ. ಪ್ರಾಥಮಿಕ ಪುಸ್ತಕ ಬರೆಯಲಿಕ್ಕೂ ಅವರೇ ಕೂತರು. ಕನ್ನಡಕ್ಕೆ ಪುಸ್ತಕದ ಬಡತನವಿಲ್ಲ, ಶಿಕ್ಷಕರ ಬಡತನವಿದೆ. ಬುಡಕಟ್ಟಿನವರಿಗಾಗಿ ಯೋಚಿಸಿದ ಅದೇ ಇಲಾಖೆ ಕನ್ನಡದವರಿಗಾಗಿ ಯೋಚಿಸದಿರಲು ಬಹುಶಃ ಇದೇ ಕಾರಣ: ಪಕ್ಕದಲ್ಲೇ ಕರ್ನಾಟಕವಿದೆ, ಅವರು ನೋಡಿಕೊಂಡಾರು ಎಂಬ ಭಾವನೆ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಕಟ್ಟಡಕ್ಕೆ, ಕಾರ್ಯಕ್ರಮಕ್ಕೆ ಅನುದಾನ ಕೊಟ್ಟೀತು. ತೆಲಂಗಾಣದ ಶಿಕ್ಷಕಿಗೆ ಅರ್ಹತೆ ಕೊಡುವುದು ಅದರ ಕೈಲಿಲ್ಲ.

“ಇಂಗ್ಲಿಷ್ ತರಬೇತಿಯ ಮಾತು ಬಿಟ್ಟೇ ಬಿಟ್ರಿ,” ಎಂದಳು ಆಕೆ. “ನನ್ನ ಇಂಗ್ಲಿಷು ಗಟ್ಟಿ ಇಲ್ರಿ. ಮಕ್ಕಳು ಕೇಳೋ ಪ್ರಶ್ನೆಗೆ ಕೆಲವು ಸಲ ನಾನೇ ಫೋನ್ ನೋಡ್ತೀನಿ.”

ಈ ಮಾತನ್ನು ಬಹಳ ಟೀಚರುಗಳು ಬಾಯಿ ಬಿಟ್ಟು ಹೇಳುವುದಿಲ್ಲ. ದಕ್ಷಿಣದ ರಾಜ್ಯಗಳ ಶಿಕ್ಷಕರಿಗಾಗಿಯೇ 1963ರಿಂದ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ, ತಿಂಗಳುಗಟ್ಟಲೆ ಇಟ್ಟುಕೊಂಡು ಇಂಗ್ಲಿಷ್ ಕಲಿಸುವ ಬಗೆ ಹೇಳಿಕೊಡುತ್ತದೆ. ಹೈದರಾಬಾದಿನಲ್ಲಿ 1958ರಲ್ಲಿ ಶುರುವಾಗಿ ಈಗ ಕೇಂದ್ರ ವಿಶ್ವವಿದ್ಯಾಲಯವಾಗಿರುವ ಇಫ್ಲು ಇದೆ. 2023ರ ಅಕ್ಟೋಬರ್ 1ರಂದು ಜಕ್ಲೇರಿನಿಂದ ಕೃಷ್ಣಾವರೆಗಿನ ಹಳಿ ಉದ್ಘಾಟನೆಯಾದ ಮೇಲೆ ಹೈದರಾಬಾದಿನ ಕಾಚಿಗುಡದ ರೈಲೂ ಈ ದಾರಿಯಲ್ಲಿ ಓಡುತ್ತದೆ. ಆದರೆ ಬೆಂಗಳೂರಿನ ಆ ತರಬೇತಿಗೆ ಶಿಕ್ಷಕರನ್ನು ಕಳಿಸುವುದು ಇಲಾಖೆ, ಡೆಪ್ಯುಟೇಶನ್ ಮೇಲೆ. ಹಾಜರಿ ಪುಸ್ತಕದಲ್ಲಿ ಇಲ್ಲದವರನ್ನು ಯಾರು ಡೆಪ್ಯೂಟ್ ಮಾಡುತ್ತಾರೆ?

“ಮಾಸ್ತರ್ರೇ, ನಿಮ್ಮನ್ನ ಡಿಇಒ ಮಾಡಿದ್ರ ಏನ್ ಮಾಡ್ತಿದ್ರಿ?” ಎಂದು ರೈತ ಚುಡಾಯಿಸಿದರು.

ಮಾಸ್ತರರು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. “ಮಹಬೂಬ್‌ನಗರದ ಡಯಟ್‌ನಾಗ ಗಡಿ ಮಂಡಲಗಳಿಗೆ ಅಂತ ಒಂದಿಷ್ಟು ಸೀಟು ಇಡ್ತಿದ್ದೆ. ಅಲ್ಲಿ ಕನ್ನಡ ಹೇಳಿಕೊಡೋರು ಇಲ್ಲದಿದ್ರ ಆ ಪಾಠಕ್ಕ ಯರಮರಸಿನ ಕೂಡ ಒಪ್ಪಂದ. ಎರಡು ರಾಜ್ಯ ನೀರಿಗಾಗಿ ಕೂತು ಮಾತಾಡ್ತಾವ, ಇದಕ್ಕ ಯಾಕ ಮಾತಾಡಬಾರದು? ಪ್ರಾಕ್ಟೀಸ್ ಟೀಚಿಂಗಿಗೆ ಈಕಿನ್ನ ಬ್ಯಾರೆ ಊರಿಗೆ ಕಳಿಸೋದು ಹುಚ್ಚುತನ. ಈಕಿ ಕ್ಲಾಸೇ ಈಕಿ ಪ್ರಾಕ್ಟೀಸು. ಡಯಟ್‌ನವರು ಇಲ್ಲಿಗೆ ಬಂದು ನೋಡ್ಲಿ, ತಪ್ಪು ತಿದ್ಲಿ. ನಿಂತುಹೋದ ತಿಂಗಳಾ 12,000 ಮತ್ತ ಶುರು ಆಗಬೇಕು. ಬದಲಿಗೆ ಬಾಂಡ್ ಬರೆಸಿಕೊಳ್ಲಿ, ಐದು ವರ್ಷ ಗಡಿ ಶಾಲೆ ಬಿಡೂದಿಲ್ಲ ಅಂತ.”

“ಟೆಟ್?”

“ಟೆಟ್ ಬರೀಬೇಕು. ಮೊದಲ ಭಾಷೆ ಕನ್ನಡ ತಗೊಳ್ಳಲಿಕ್ಕ ಅವಕಾಶ ಅದ. 150 ಪ್ರಶ್ನೆ, ಅದರಾಗ ಇಂಗ್ಲಿಷಿನವು 30. ಬಿ.ಸಿ.ಗೆ 75 ಬಂದ್ರ ಪಾಸು. ಒಮ್ಮೆ ಪಾಸಾದ್ರ ಜೀವನಪೂರ್ತಿ ನಡೀತದ, ಡಿಎಸ್‌ಸಿಯಾಗ ಶೇ. 20 ವೇಟೇಜ್ ಬ್ಯಾರೆ. ಆದ್ರ ಬಜಾರದಾಗ ಕೋಚಿಂಗ್ ಪುಸ್ತಕ ಎಲ್ಲಾ ತೆಲುಗಿನಾಗ. ಕರ್ನಾಟಕದ ಟೆಟ್ ಪುಸ್ತಕ ತಂದು ಓದಿದ್ರ ಪರಿಸರ ಅಧ್ಯಯನದಾಗ ಜಿಲ್ಲೆ, ನದಿ, ಯೋಜನೆ ಎಲ್ಲಾ ಅವರವು. ನಮ್ಮದೇ ಒಂದು ಕೈಪಿಡಿ ಬರಕೋಬೇಕು.”

“ಪರ್ಮನೆಂಟ್ ಆದವರಿಗೂ ಈಗ ಟೆಟ್ ಅಂತಲ್ರಿ,” ಎಂದು ಆಕೆ ನಕ್ಕಳು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಶಿಕ್ಷಕರೂ ಎರಡು ವರ್ಷದೊಳಗೆ ಟೆಟ್ ಪಾಸಾಗಬೇಕೆಂದು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಹಾಜರಿ ಪುಸ್ತಕದಲ್ಲಿ ಹೆಸರಿದ್ದವರೂ ಇಲ್ಲದವರೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಆಕೆಯ ಶಾಲೆಯ ಒಬ್ಬ ಎಸ್‌ಜಿಟಿ ಈಗ ಆಕೆಯಿಂದಲೇ ಬಾಲ ಮನೋವಿಜ್ಞಾನದ ನೋಟ್ಸು ಇಸಿದುಕೊಂಡಿದ್ದಾರಂತೆ. ಅವರ ಮೂಲ ವೇತನ 31,040ರಿಂದ ಶುರುವಾಗುತ್ತದೆ.

ಡಯಟ್ ಸೀಟು, ಒಪ್ಪಂದ, ಸ್ಟೈಪೆಂಡು ಎಲ್ಲವೂ ಬರುವ ಹೊತ್ತಿಗೆ ಆಕೆಗೆ ವಯಸ್ಸಾದೀತು ಎಂಬುದು ಮೂವರಿಗೂ ಗೊತ್ತಿತ್ತು. ಡಿಎಸ್‌ಸಿಗೆ 2024ರಲ್ಲಿ ವಯಸ್ಸಿನ ಮಿತಿಯನ್ನು 46ಕ್ಕೆ ಏರಿಸಿದ್ದೊಂದು ಸಮಾಧಾನ. ಇಷ್ಟು ಮಾತಾಡಿದ ಮೇಲೆ ಉಳಿದದ್ದು ಈ ವರ್ಷ ಏನು ಮಾಡುವುದೆಂಬ ಸಣ್ಣ ಪ್ರಶ್ನೆ.

“ಇಂಗ್ಲಿಷ್ ಮೀಡಿಯಮ್ಮಿನಾಗ ಡೀಸೆಟ್ ಬರೀ,” ಎಂದರು ಮಾಸ್ತರರು. “ಡಿ.ಎಲ್.ಇಡಿ.ನೂ ಇಂಗ್ಲಿಷಿನಾಗೇ ಓದು. ನೀನು ಕಲಿಸಬೇಕಾದ್ದು ಇಂಗ್ಲಿಷಲ್ಲ? ಎರಡು ವರ್ಷ ಅದರಾಗೇ ಬರದ್ರ ಫೋನ್ ನೋಡೋದು ತಪ್ತದ. ಕನ್ನಡ ನಿನಗ ಹತ್ತನೇ ಕ್ಲಾಸಿನ ತನಕ ಆಗ್ಯದ, ಕನ್ನಡ ಮೀಡಿಯಂ ಹುದ್ದಿಗೆ ಅಷ್ಟು ಸಾಕು.”

“ಇಲ್ಲಿ ಕ್ಲಾಸು ಯಾರು ನೋಡ್ತಾರ್ರಿ?” ಎಂದರು ರೈತ. ಎಲ್ಲ ಯೋಜನೆಗಳೂ ಮುಗ್ಗರಿಸುವ ಜಾಗವಿದು. ಸಹಾಯಕಿಯನ್ನು ಓದಲು ಕಳಿಸಿದರೆ ಆಕೆಯನ್ನು ನಂಬಿದ ಮಕ್ಕಳು ಎರಡು ವರ್ಷ ಕೈಬಿಟ್ಟಂತೆ, ಕಳಿಸದಿದ್ದರೆ ಆಕೆ ಎಂದೆಂದಿಗೂ ಸಹಾಯಕಿ.

“ನಾನು ಬರ್ತೀನಿ. ಆದ್ರ ಒಂದನೇ ಕ್ಲಾಸು ನನ್ನ ಕೈಲಿ ಆಗೂದಿಲ್ಲ. ಮೂರು, ನಾಲ್ಕು, ಐದು ಕೊಡ್ರಿ. ಸಣ್ಣವರಿಗೆ ಇನ್ನೊಂದು ಹುಡುಗಿನ್ನ ಈಗಿಂದ್ಲೇ ಈಕಿ ಪಕ್ಕದಾಗ ಕೂಡಸ್ರಿ, ಇಂಟರ್ ಮುಗಿಸಿದವರು ಯಾರಾದ್ರೂ.”

“ಅಂದ್ರ ಚಂದಾ ಎರಡಾತು,” ಎಂದರು ರೈತ. ಲೆಕ್ಕ ಹಾಕಿ, “ಟೀಚರಮ್ಮಗ ಅರ್ಧ ಕೊಡ್ತೀವಿ. ಓದೋ ಎರಡೂ ವರ್ಷ ಕೊಡ್ತೀವಿ. ಆದ್ರ ಬ್ಯಾಸಿಗಿ ಸೂಟಿಯಾಗ ಬಂದು ನಮ್ಮ ಹುಡುಗರಿಗೆ ಇಂಗ್ಲಿಷ್ ಓದಿಸಬೇಕು,” ಎಂದರು.

“ಅರ್ಧ ಪಗಾರಕ್ಕ ಪೂರ್ತಿ ಬ್ಯಾಸಿಗಿ ಏನ್ರಿ?” ಎಂದಳು ಆಕೆ. “ಒಂದು ತಿಂಗಳು ಬರ್ತೀನಿ. ಮತ್ತ ಡೀಸೆಟ್ ಫೀಸು ನೀವೇ ಕಟ್ಟಬೇಕು.”